‘ಹ್ಯಾಬಿಚುಯಲ್ ರೆಸಿಡೆನ್ಸ್’ಗೆ ‘ನೆಲೆ’ ಅಂದರೆ ಸಾಕೇ?

ಒಂದು ಪದದ ವಿಷಯದಲ್ಲಿ ನಿಮ್ಮೆಲ್ಲರ ಸಹಾಯ ಬೇಕು. ಗೆಳತಿಯೊಬ್ಬಳ ಕೋರ್ಟ್ ಆದೇಶವನ್ನು ಅವಳ ತಾಯಿ ಓದಲಿ ಅಂತ ಕನ್ನಡಕ್ಕೆ ತರುತ್ತಿದ್ದೇನೆ. ಗಂಡ ಹೆಂಡತಿ ಸಂಸಾರ ಮಾಡಿದ್ದು ಒಂದು ದೇಶದಲ್ಲಿ. ಅವಳ ತಾಯಿ ಮಗನ ಜೊತೆ ಇರುವುದು ಇನ್ನೊಂದು ದೇಶದಲ್ಲಿ. ರಜೆಗೆಂದು ಮಗುವನ್ನು ಅಜ್ಜಿಯ ಮನೆಗೆ ಕರೆತಂದ ಗೆಳತಿ ವಾಪಸ್ ಹೋಗಲಿಲ್ಲ. ಮಗುವನ್ನು ಮರಳಿ ಕಳಿಸಬೇಕು ಅಂತ ಗಂಡ 1980ರ ಹೇಗ್ ಒಪ್ಪಂದದ ಅಡಿ ಅರ್ಜಿ ಹಾಕಿದರು. ತಪ್ಪಾಗಿ ಬೇರೆ ದೇಶಕ್ಕೆ ಕರೆದೊಯ್ದ, ಇಲ್ಲವೇ ಅಲ್ಲಿಂದ ಮರಳಿ ಕಳಿಸದ ಮಕ್ಕಳನ್ನು ಅವರು ಬದುಕುತ್ತಿದ್ದ ದೇಶಕ್ಕೆ ಮರಳಿಸಲು ದೇಶಗಳು ಮಾಡಿಕೊಂಡ ಒಪ್ಪಂದ ಅದು. ಎರಡೂ ದೇಶಗಳು ಆ ಒಪ್ಪಂದಕ್ಕೆ ಸೇರಿದವು.

ಇಂಥ ಕೇಸಿನಲ್ಲಿ ಕೋರ್ಟ್ ಮೊದಲು ಕೇಳುವ ಪ್ರಶ್ನೆಗಳಲ್ಲಿ ಒಂದು, ಮಗುವಿನ ಹ್ಯಾಬಿಚುಯಲ್ ರೆಸಿಡೆನ್ಸ್, ಅಂದರೆ ಅದರ ದಿನನಿತ್ಯದ ಬದುಕು ನಡೆಯುತ್ತಿದ್ದ ಜಾಗ, ಯಾವ ದೇಶದಲ್ಲಿತ್ತು ಎಂಬುದು. ನಾನು ಮೊದಲ ಕರಡಿನಲ್ಲಿ ಅದನ್ನು ‘ವಾಡಿಕೆಯ ವಾಸಸ್ಥಳ’ ಅಂತ ಬರೆದೆ. ಅಜ್ಜಿ ಆ ಸಾಲಿನ ಕೆಳಗೆ ಪೆನ್ಸಿಲ್ ಗೆರೆ ಎಳೆದು ಫೋನ್ ಮಾಡಿದರು. “ವಾಡಿಕೆ ಅಂದ್ರೆ ವರ್ಷಾ ವರ್ಷಾ ನಡ್ಕೊಂಡು ಬರೋದು ಅಲ್ವಾ? ಮಗು ಪ್ರತಿ ರಜೆಗೂ ನಮ್ಮನೆಗೇ ತಾನೇ ಬರೋದು? ಹಾಗಾದ್ರೆ ತೀರ್ಪು ನಮ್ಮ ಕಡೆ ಆಯ್ತು” ಅಂದರು. ದನಿಯಲ್ಲಿ ಅಷ್ಟು ಖುಷಿ ಇತ್ತು. ಆದೇಶ ಹೇಳಿದ್ದು ಇದಕ್ಕೆ ಪೂರ್ತಿ ಉಲ್ಟಾ. ಅವರಿಗೆ ಅದನ್ನು ಬಿಡಿಸಿ ಹೇಳುವಾಗ ನನ್ನ ಗಂಟಲು ಕಟ್ಟಿತು. ಅವರ ಓದಿನಲ್ಲಿ ತಪ್ಪಿರಲಿಲ್ಲ. ತಪ್ಪು ನನ್ನ ಪದದ್ದು.

‘ಖಾಯಂ ವಾಸ’ ಅನ್ನೋಣ ಅಂದರೆ ಅದೂ ಹೊಂದುವುದಿಲ್ಲ. ಕಾನೂನಿನಲ್ಲಿ ಡೊಮಿಸೈಲ್ ಅನ್ನುವುದೇ ಬೇರೆ ಇದೆ. ಎಲ್ಲಿ ಕೊನೆತನಕ ಇರಬೇಕು ಅಂದುಕೊಂಡಿದ್ದೇವೆ ಅನ್ನುವುದು ಅಲ್ಲಿ ಮುಖ್ಯ. ಹೇಗ್ ಒಪ್ಪಂದಕ್ಕೆ ಬೇಕಾದದ್ದು ಅದಲ್ಲ. ಮಗುವಿನ ಶಾಲೆ ಎಲ್ಲಿ, ಗೆಳೆಯರು ಎಲ್ಲಿ, ಆಡುವ ಮಾತು ಯಾವುದು, ಜ್ವರ ಬಂದರೆ ತೋರಿಸುವ ಡಾಕ್ಟರ್ ಎಲ್ಲಿ, ಇಂಥ ದಿನದಿನದ ಸಂಗತಿಗಳನ್ನು ಕೋರ್ಟ್ ನೋಡುತ್ತದೆ. ಪಾಸ್‌ಪೋರ್ಟ್ ಯಾವ ದೇಶದ್ದು ಅನ್ನುವುದೊಂದರಿಂದಲೇ ತೀರ್ಮಾನ ಆಗುವುದಿಲ್ಲ. ಒಪ್ಪಂದದಲ್ಲಿ ಈ ಪದಕ್ಕೆ ಅರ್ಥವನ್ನೇ ಕೊಟ್ಟಿಲ್ಲ. ಬೇಕೆಂದೇ ಬಿಟ್ಟದ್ದು. ಹಾಗಾಗಿ ನಾವು ಆರಿಸುವ ಕನ್ನಡ ಪದದ ಮೇಲೆ ಜಾಸ್ತಿ ಭಾರ ಬೀಳುತ್ತದೆ.

ನನಗೆ ಈಗ ಹಿಡಿಸಿರುವುದು ‘ನೆಲೆ’. ನೆಲೆಸು, ನೆಲೆಯೂರು, ನೆಲೆ ತಪ್ಪು, ಎಲ್ಲದರಲ್ಲೂ ಬದುಕು ನಡೆಯುವ ಜಾಗದ ವಾಸನೆ ಇದೆ. ‘ಮಗುವಿನ ನೆಲೆ ಯಾವ ದೇಶದಲ್ಲಿತ್ತು’ ಅಂದರೆ ಅಜ್ಜಿಗೆ ತಟ್ಟನೆ ಅರ್ಥವಾಯಿತು. ಸ್ವಲ್ಪ ಹೊತ್ತು ಸುಮ್ಮನಿದ್ದು, “ಶಾಲೆ ಅಲ್ಲೇ ಇತ್ತಲ್ಲ” ಅಂದರು.

ಆದರೂ ಒಂದು ಅನುಮಾನ ಉಳಿದಿದೆ. 2020ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟಿನ ಮುಂದೆ ಇಟಲಿಯಲ್ಲಿ ಹುಟ್ಟಿದ ಕೂಸಿನ ಕೇಸು ಬಂದಿತ್ತು. ತಾಯಿ ಅದನ್ನು ಅಮೆರಿಕಕ್ಕೆ ಕರೆದೊಯ್ದಾಗ ಕೂಸಿಗೆ ಸುಮಾರು ಎರಡು ತಿಂಗಳು. ಎಲ್ಲಿ ಬೆಳೆಸಬೇಕು ಅಂತ ತಂದೆ ತಾಯಿ ಒಪ್ಪಿ ತೀರ್ಮಾನ ಮಾಡಿರಲೇಬೇಕು ಅಂತೇನಿಲ್ಲ, ಎಲ್ಲ ಸಂದರ್ಭಗಳನ್ನೂ ಒಟ್ಟಿಗೆ ನೋಡಬೇಕು ಅಂತ ಕೋರ್ಟ್ ಹೇಳಿತು. ಕೂಸಿನ ಹ್ಯಾಬಿಚುಯಲ್ ರೆಸಿಡೆನ್ಸ್ ಇಟಲಿಯೇ ಅಂತ ಕೆಳಗಿನ ಕೋರ್ಟ್ ಹೇಳಿದ್ದನ್ನು ಎತ್ತಿಹಿಡಿಯಿತು. ಎರಡು ತಿಂಗಳ ಕೂಸು ಒಂದು ಕಡೆ ‘ನೆಲೆಸಿತು’ ಅಂದರೆ ನನ್ನ ಕಿವಿಗೆ ಒಗ್ಗುವುದಿಲ್ಲ. ನೆಲೆಸುವುದಕ್ಕೆ ಮನಸ್ಸು ಬೇಕು ಅನ್ನಿಸುತ್ತದೆ. ಆದರೆ ‘ಕೂಸಿನ ನೆಲೆ’ ಅಂದರೆ ಸರಿಯಾಗಿ ಕೇಳುತ್ತದೆ. ನಾಮಪದ ಮಾತ್ರ ಬಳಸಿ, ಕ್ರಿಯಾಪದ ಬಿಟ್ಟರೆ ಈ ತೊಡಕು ತಪ್ಪುತ್ತದೆಯೇ? ನಿಮ್ಮ ಕಿವಿಗೂ ಹೀಗೇ ಕೇಳುತ್ತದೆಯೇ?

‘ಒಪ್ಪಿಸು’ ಬಗ್ಗೆಯೂ ಒಂದು ಮಾತು. ‘ಮಗುವನ್ನು ತಂದೆಗೆ ಒಪ್ಪಿಸಬೇಕು’ ಅಂತ ಬರೆದಿದ್ದೆ. ಅದು ದೊಡ್ಡ ತಪ್ಪು. ಈ ಒಪ್ಪಂದದಲ್ಲಿ ಮಗು ಮರಳುವುದು ದೇಶಕ್ಕೆ. ಯಾರ ಹತ್ತಿರ ಬೆಳೆಯಬೇಕು ಅನ್ನುವುದನ್ನು ಅಲ್ಲಿನ ಕೋರ್ಟ್ ಆಮೇಲೆ ನೋಡುತ್ತದೆ. ಮರಳಿಸುವ ಆದೇಶ ಕಸ್ಟಡಿಯ ತೀರ್ಪಲ್ಲ ಅಂತ 19ನೇ ವಿಧಿ ಬಿಡಿಸಿ ಹೇಳಿದೆ. ಗೆಳತಿಯೂ ಮಗುವಿನ ಜೊತೆ ಹೋಗಬಹುದು. ಅದಕ್ಕೇ ‘ಮರಳಿಸು’ ಅಂತ ಬದಲಿಸಿದೆ. ಕಸ್ಟಡಿಗೆ ‘ವಶ’ ಅಂದರೆ ಪೊಲೀಸರು ನೆನಪಾಗುತ್ತಾರೆ, ‘ಸುಪರ್ದಿ’ ಅಂದರೆ ಸಾಮಾನು ನೆನಪಾಗುತ್ತದೆ. ನಾನು ‘ಪಾಲನೆಯ ಹಕ್ಕು’ ಅಂತಲೇ ಇಟ್ಟಿದ್ದೇನೆ. ಆದರೆ ಮಗು ಎಲ್ಲಿ ವಾಸ ಮಾಡಬೇಕು ಅಂತ ತೀರ್ಮಾನಿಸುವ ಹಕ್ಕೂ ಅದರಲ್ಲಿ ಸೇರಿದೆ ಅಂತ ಒಂದು ಸಾಲು ಸೇರಿಸಬೇಕಾಯಿತು.

ನನ್ನನ್ನು ಹೆಚ್ಚು ಕಾಡುತ್ತಿರುವುದು ಇನ್ನೊಂದು ಪದ. ಒಪ್ಪಂದದ ಹೆಸರಿನಲ್ಲಿ ‘ಅಪಹರಣ’ ಇದೆ. ವಿಧಿಗಳ ಒಳಗೆ ಇರುವುದು ತಪ್ಪಾಗಿ ಕರೆದೊಯ್ಯುವುದು, ಇಲ್ಲವೇ ತಪ್ಪಾಗಿ ರಿಟೈನ್ ಮಾಡುವುದು, ಅಂದರೆ ಮರಳಿ ಕಳಿಸದೆ ಇಟ್ಟುಕೊಳ್ಳುವುದು. ಗೆಳತಿಯದು ಎರಡನೆಯದು. ‘ಅಪಹರಣ’ ಓದಿ ಅಜ್ಜಿ, “ಹೆತ್ತವಳು ಕಳ್ಳಿ ಹೇಗಾಗ್ತಾಳೆ?” ಅಂತ ಅತ್ತರು. ಅದನ್ನು ತೆಗೆದು ‘ಮಗುವನ್ನು ಉಳಿಸಿಕೊಂಡಿದ್ದಾರೆ’ ಅಂತ ಬರೆದೆ. ಆಗ ಇನ್ನೊಂದು ಕಡೆಗೆ ವಾಲಿತು. ಕನ್ನಡದಲ್ಲಿ ಮಗುವನ್ನು ಉಳಿಸಿಕೊಂಡಳು ಅಂದರೆ ಸಾವಿನ ಬಾಯಿಂದ ಪಾರು ಮಾಡಿದಳು ಅಂತಲೂ ಆಗುತ್ತದಲ್ಲ! ‘ತಡೆಹಿಡಿ’ ಅಂದರೆ ಸಂಬಳ ತಡೆಹಿಡಿದ ಹಾಗಿದೆ. ಇಂಗ್ಲಿಷಿನಷ್ಟೇ ಅಧಿಕೃತವಾದ ಫ್ರೆಂಚ್ ಪಠ್ಯದಲ್ಲಿ ಇದಕ್ಕೆ ‘ಮರಳದಿರುವುದು’ ಅನ್ನುವ ಅರ್ಥದ ಪದವೇ ಇದೆ. ಆ ದಾರಿ ಹಿಡಿದು ‘ಮರಳಿಸದಿರುವುದು’ ಅಂತ ಬರೆದಿದ್ದೇನೆ. ತಾಯಿಯನ್ನು ಕಳ್ಳಿ ಅಂತಲೂ ಅನ್ನದ, ಕಾಪಾಡಿದವಳು ಅಂತಲೂ ಅನ್ನದ ಪದ ಇದಕ್ಕಿಂತ ಚಿಕ್ಕದು, ಆಡುಮಾತಿಗೆ ಹತ್ತಿರದ್ದು ಗೊತ್ತಿದ್ದರೆ ದಯವಿಟ್ಟು ತಿಳಿಸಿ. ತಿದ್ದಿದ ಪ್ರತಿಯನ್ನು ಅಜ್ಜಿಗೆ ಇನ್ನೂ ಕಳಿಸಿಲ್ಲ.