ಹ್ಯಾಮ್ಲೆಟ್ ಓದುವಾಗ ‘ದೌ’, ‘ಯೂ’ ವ್ಯತ್ಯಾಸವನ್ನು ಗಮನಿಸಬೇಕೇ?

ಪ್ರಶ್ನೆ:
ನಿವೃತ್ತನಾದ ಮೇಲೆ ದಿನವೂ ಬೆಳಗಿನ ಕಾಫಿಯ ಜೊತೆಗೆ ಶೇಕ್ಸ್‌ಪಿಯರನ ‘ಹ್ಯಾಮ್ಲೆಟ್’ ನಾಟಕದ ಎರಡು ಮೂರು ಪುಟಗಳನ್ನು ಗಟ್ಟಿಯಾಗಿ ಓದುವ ರೂಢಿ ಮಾಡಿಕೊಂಡಿದ್ದೇನೆ. ಕಾಲೇಜಿನ ದಿನಗಳಲ್ಲಿ ಇದನ್ನು ಗೈಡ್ ಹಿಡಿದು ಪರೀಕ್ಷೆಗೆಂದು ಮುಗಿಸಿದ್ದೆನೇ ಹೊರತು ಸವಿದಿರಲಿಲ್ಲ. ಈಗೊಂದು ಸಂದೇಹ: ಪಾತ್ರಗಳು ಒಬ್ಬರನ್ನೇ ಒಮ್ಮೆ ‘ದೌ’ ಎಂದೂ ಮತ್ತೊಮ್ಮೆ ‘ಯೂ’ ಎಂದೂ ಕರೆಯುತ್ತವೆ. ಇದು ಛಂದಸ್ಸಿನ ಅನುಕೂಲಕ್ಕೋ, ಇದರಲ್ಲಿ ಅರ್ಥವೂ ಇದೆಯೋ?

ಉತ್ತರ 1:
ಅರ್ಥವಿದೆ, ಅದು ಕನ್ನಡಿಗರ ಕಿವಿಗೆ ಬೇಗ ದಕ್ಕುತ್ತದೆ ಕೂಡ. ಸ್ಥೂಲವಾಗಿ ‘ದೌ’ ನಮ್ಮ ‘ನೀನು’, ‘ಯೂ’ ನಮ್ಮ ‘ನೀವು’. ಮೂರನೆಯ ಅಂಕದ ನಾಲ್ಕನೆಯ ದೃಶ್ಯವನ್ನು ತೆರೆದು ನೋಡಿ. ನೀನು ನಿನ್ನ ತಂದೆಯನ್ನು ಬಹಳ ನೋಯಿಸಿದ್ದೀಯೆ ಎಂದು ರಾಣಿ ಗರ್ಟ್ರೂಡ್ ತಾಯಿಯ ಸಲುಗೆಯಿಂದಲೇ ಮಗ ಹ್ಯಾಮ್ಲೆಟ್‌ನನ್ನು ಗದರುತ್ತಾಳೆ. ಅವನು ಅದೇ ವಾಕ್ಯವನ್ನು ತಿರುಗಿಸಿ, ನೀವು ನನ್ನ ತಂದೆಯನ್ನು ಬಹಳ ನೋಯಿಸಿದ್ದೀರಿ ಎನ್ನುತ್ತಾನೆ. ಅವಳು ಹೇಳಿದ ತಂದೆ ಅವಳ ಈಗಿನ ಗಂಡ, ಹ್ಯಾಮ್ಲೆಟ್‌ನ ಚಿಕ್ಕಪ್ಪ ಕ್ಲಾಡಿಯಸ್; ಇವನು ಹೇಳಿದ್ದು ಕೊಲೆಯಾದ ದೊರೆಯನ್ನು, ಅಂದರೆ ತನ್ನ ಹೆತ್ತ ತಂದೆಯನ್ನು. ಮರುಸಾಲಿನಲ್ಲಿಯೇ ರಾಣಿಯೂ ಬಹುವಚನಕ್ಕೆ ಹೊರಳುತ್ತಾಳೆ. ತಡವಾಗಿ ಮನೆಗೆ ಬಂದ ಮಗನನ್ನು ಅಮ್ಮ ‘ಏನು ಸಾಹೇಬರೇ, ಈಗ ದಯಮಾಡಿಸಿದಿರಾ?’ ಎಂದು ಬರಮಾಡಿಕೊಳ್ಳುವ ಧಾಟಿಯೇ ಇದು.

ಉತ್ತರ 2:
ಒಪ್ಪುತ್ತೇನೆ. ಆದರೆ ಪ್ರತಿ ಸಾಲಿನಲ್ಲಿಯೂ ಈ ಲೆಕ್ಕವನ್ನು ಹುಡುಕಬೇಡಿ, ಏಕೆಂದರೆ ಆ ಹೊತ್ತಿಗಾಗಲೇ ‘ಯೂ’ ಎಲ್ಲರ ನಡುವಿನ ಸಾಮಾನ್ಯ ರೂಪವಾಗತೊಡಗಿತ್ತು. ಬೇಕೆಂದೇ ಏಕವಚನ ಬಳಸಿ ಅವಮಾನಿಸುವುದಂತೂ ಚಾಲ್ತಿಯಲ್ಲಿತ್ತು. ‘ಟ್ವೆಲ್ಫ್ತ್ ನೈಟ್’ ನಾಟಕದಲ್ಲಿ ದ್ವಂದ್ವಯುದ್ಧಕ್ಕೆ ಸವಾಲಿನ ಪತ್ರ ಬರೆಯಲಿರುವ ಗೆಳೆಯನಿಗೆ ಸರ್ ಟೋಬಿ, ಎದುರಾಳಿಯನ್ನು ಮೂರು ಸಲ ‘ದೌ’ ಎಂದರೂ ತಪ್ಪಿಲ್ಲ ಎಂದು ಹೇಳಿಕೊಡುತ್ತಾನೆ. ರಂಗದ ಹೊರಗೂ ಹೀಗೆಯೇ: 1603ರಲ್ಲಿ ಇಂಗ್ಲೆಂಡಿನ ಆಸ್ಥಾನಿಕ ಸರ್ ವಾಲ್ಟರ್ ರಾಲಿಯ ಮೇಲೆ ರಾಜದ್ರೋಹದ ವಿಚಾರಣೆ ನಡೆದಾಗ ಸರ್ಕಾರಿ ವಕೀಲ ಎಡ್ವರ್ಡ್ ಕೋಕ್ ಆತನನ್ನು ದ್ರೋಹಿ ಎಂದದ್ದಷ್ಟೇ ಅಲ್ಲ, ನಿನ್ನನ್ನು ‘ದೌ’ ಎಂದೇ ಕರೆಯುತ್ತೇನೆ ಎಂದು ತುಂಬಿದ ನ್ಯಾಯಾಲಯದಲ್ಲಿ ಸಾರಿ ಹೇಳಿದ. (ನಮ್ಮಲ್ಲಿಯೂ ಏಕವಚನದಲ್ಲಿ ಮಾತನಾಡಿದ ಎಂಬುದೇ ಒಂದು ಜಗಳಕ್ಕೆ ಸಾಕಾಗುತ್ತದೆಯಲ್ಲವೇ?)

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಧನ್ಯವಾದಗಳು. ಇಂದು ಬೆಳಗ್ಗೆ ಪೆನ್ಸಿಲ್ ಹಿಡಿದು ಒಫೀಲಿಯಾಳ ಭಾಗವನ್ನು ಓದಿದೆ. ಪ್ರೇಮಪತ್ರದ ಪದ್ಯದಲ್ಲಿ ಹ್ಯಾಮ್ಲೆಟ್ ಅವಳನ್ನು ‘ದೌ’ ಎನ್ನುತ್ತಾನೆ. ಎದುರಿಗೆ ಸಿಕ್ಕಾಗ, ನೀವು ಪ್ರಾಮಾಣಿಕರೇ ಎಂದು ಬಹುವಚನದಲ್ಲಿ ಕೇಳಿ, ಸನ್ಯಾಸಿನಿಯರ ಮಠಕ್ಕೆ ಹೋಗು ಎನ್ನುವಾಗ ಮತ್ತೆ ಏಕವಚನಕ್ಕೆ ಬರುತ್ತಾನೆ. ಅಲ್ಲಿರುವುದು ಹಳೆಯ ಸಲುಗೆಯೋ ತಿರಸ್ಕಾರವೋ ಎಂದು ಮೂರು ಸಲ ಬೇರೆ ಬೇರೆ ಸ್ವರದಲ್ಲಿ ಓದಿ ನೋಡಿದೆ, ಮೂರೂ ಸಲ ಬೇರೆ ಬೇರೆಯಾಗಿಯೇ ಕೇಳಿಸಿತು.