ಸಹಾಯ ಬೇಕು: ಗೇರ್ ಆಯಿಲ್ ಕುಡಿಯೋ ರೋಡ್‌ಕಿಂಗ್

ಎಲ್ಲರಿಗೂ ನಮಸ್ಕಾರ. ಅಪ್ಪ ಓಡಿಸುತ್ತಿದ್ದ 1984ರ ಯೆಜ್ಡಿ ರೋಡ್‌ಕಿಂಗ್ ಬೈಕನ್ನ ಮನೆ ಹಿಂದಿನ ಶೆಡ್ಡಲ್ಲಿ ಪೂರ್ತಿ ಬಿಚ್ಚಿ ಮತ್ತೆ ಜೋಡಿಸಿದ್ದೀನಿ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯ ಗಾಡಿ. ಸಿಲಿಂಡರ್ ಬೋರ್ ಮಾಡಿಸಿ ಹೊಸ ಪಿಸ್ಟನ್ ಹಾಕಿದ್ದಾಯ್ತು, ಎರಡೇ ಕಿಕ್ಕಿಗೆ ಸ್ಟಾರ್ಟು.

ತೊಂದರೆ ಏನಂದ್ರೆ, ಬಿಸಿ ಆದಮೇಲೂ ಎರಡೂ ಸೈಲೆನ್ಸರಿಂದ ದಟ್ಟ ಬಿಳಿ ಹೊಗೆ. (ಬೀದೀಲಿ ಸೊಳ್ಳೆ ಕಮ್ಮಿ ಆಗಿದೆಯಂತೆ, ಪಕ್ಕದ್ಮನೆ ಅಜ್ಜಿ ಖುಷಿಯಾಗಿದ್ದಾರೆ.) ಪ್ಲಗ್ ಎಣ್ಣೆ ಎಣ್ಣೆ. ಹದಿನೈದು ದಿನಕ್ಕೆ ಗೇರ್ ಆಯಿಲ್ ಕಾಲು ಲೀಟರ್ ಮಾಯ, ನೆಲದ ಮೇಲೆ ಮಾತ್ರ ಒಂದು ಹನಿಯೂ ಇಲ್ಲ. ಟೂ ಸ್ಟ್ರೋಕ್ ಅಲ್ವಾ, ಪಿಸ್ಟನ್ ಮೇಲೆ ಹೋದಾಗ ಅದರ ಕೆಳಗಿನ ಕ್ರ್ಯಾಂಕ್ ಕೇಸ್ ಗೇರ್ ಆಯಿಲನ್ನ ಒಳಗೆ ಎಳ್ಕೊಳ್ತಿದೆ ಅಂತ ಕ್ಲಚ್ ಕಡೆ ಆಯಿಲ್ ಸೀಲ್ ಬದಲಾಯಿಸಿದೆ. ಹೊಗೆ ಹಾಗೇ ಇದೆ. ಸೀಲ್ ಕೂರೋ ಜಾಗದಲ್ಲಿ ಕ್ರ್ಯಾಂಕ್ ಶಾಫ್ಟ್ ಮೇಲೆ ಬೆರಳಾಡಿಸಿದ್ರೆ ಸಣ್ಣ ಗೀರಿಗೆ ಉಗುರು ಸಿಕ್ಕುತ್ತೆ.

ಇದಕ್ಕೆ ತೆಳು ಸ್ಲೀವ್ (ಲೋಹದ ಕವಚ) ಹಾಕಿಸಿದ್ರೆ ಬಾಳಿಕೆ ಬರುತ್ತಾ, ಇಲ್ಲಾ ಕ್ರ್ಯಾಂಕೇ ಬದಲಾಯಿಸಬೇಕಾ? ಕ್ರ್ಯಾಂಕ್ ಕೇಸಿನ ಎರಡು ಭಾಗ ಸೇರೋ ಕಡೆಯ ಪ್ಯಾಕಿಂಗ್ ಸೋರಿದ್ರೂ ಹೀಗಾಗಬಹುದಾ? ಮೈಸೂರಲ್ಲೋ ಬೆಂಗಳೂರಿನ ಜೆ.ಸಿ. ರಸ್ತೆ ಕಡೆಯೋ ಕ್ರ್ಯಾಂಕ್ ಕೆಲಸ ಗೊತ್ತಿರೋ ಲೇತ್‌ನವರಿದ್ರೆ ದಯವಿಟ್ಟು ತಿಳಿಸಿ. ಮಾಡಿಸಿ ಅನುಭವ ಇರೋರು ಹೇಳಿದ್ರೆ ಇನ್ನೂ ಒಳ್ಳೇದು.