ಟಿಬಿಗೆ ಮದ್ದು ಕ್ರಿಮಿಗೋ, ಅದು ಅಡಗಿರುವ ಕಣಕ್ಕೋ?

ದುರ್ಗದ ಫಾರ್ಮಸಿ ಮೇಷ್ಟ್ರು:
ಚಿತ್ರದುರ್ಗ, ದಾವಣಗೆರೆ ಕಡೆಯವರು ಇಲ್ಲಿ ಜಾಸ್ತಿ ಇದ್ದೀರಿ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ಟಿಬಿ ಅಂದ ಕೂಡಲೇ ನಾವೆಲ್ಲ ಕ್ರಿಮಿ ಕೊಲ್ಲುವ ಮಾತ್ರೆಯ ಬಗ್ಗೆ ಮಾತ್ರ ಮಾತಾಡುತ್ತೇವೆ. ಕ್ರಿಮಿ ಎಲ್ಲಿ ಕೂತಿದೆ ಅಂತ ಯಾರೂ ಕೇಳುವುದಿಲ್ಲ. ಉಸಿರಿನ ಜೊತೆ ಒಳಗೆ ಹೋದ ಕ್ರಿಮಿಯನ್ನು ಶ್ವಾಸಕೋಶದ ಗಾಳಿಚೀಲದಲ್ಲಿ ಕಾವಲಿರುವ ಮ್ಯಾಕ್ರೋಫೇಜ್ ಅನ್ನುವ ರೋಗನಿರೋಧಕ ಜೀವಕಣ ನುಂಗುತ್ತದೆ. ನುಂಗಿದ್ದನ್ನು ಒಂದು ಸಣ್ಣ ಚೀಲದಲ್ಲಿ ಇಟ್ಟುಕೊಳ್ಳುತ್ತದೆ. ಆಮ್ಲ ತುಂಬಿದ ಇನ್ನೊಂದು ಚೀಲ ಬಂದು ಅದಕ್ಕೆ ಸೇರಿದರೆ ಕ್ರಿಮಿ ಕರಗಿಹೋಗಬೇಕು. ಟಿಬಿ ಕ್ರಿಮಿ ಆ ಎರಡು ಚೀಲ ಸೇರದ ಹಾಗೆ ತಡೆಯುತ್ತದೆ. ತನ್ನನ್ನು ಕೊಲ್ಲಬೇಕಾದ ಕಣದ ಕೊಬ್ಬನ್ನೇ ತಿಂದು ಅಲ್ಲೇ ಬೆಳೆಯುತ್ತದೆ. 4 ಔಷಧ, 6 ತಿಂಗಳು ಬೇಕಾಗುವುದಕ್ಕೆ ಇದೂ ಒಂದು ಕಾರಣ.

ನನ್ನ ವಾದ ಇಷ್ಟೇ. ಇನ್ನು ಮುಂದೆ ಈ ಕಣವನ್ನೇ ಗುರಿ ಮಾಡಬೇಕು. ಔಷಧವನ್ನು ಕೆಲವೇ ಮೈಕ್ರಾನ್ ಗಾತ್ರದ ಪುಡಿ ಮಾಡಿ ಉಸಿರಲ್ಲಿ ಎಳೆದುಕೊಂಡರೆ, ಕ್ರಿಮಿಯನ್ನು ನುಂಗಿದ ಕಣವೇ ಔಷಧವನ್ನೂ ನುಂಗುತ್ತದೆ. ಲಖನೌದ ಕೇಂದ್ರೀಯ ಔಷಧ ಸಂಶೋಧನಾ ಸಂಸ್ಥೆಯಲ್ಲಿ ಈ ಥರದ ಪುಡಿಯ ಮೇಲೆ ತುಂಬಾ ವರ್ಷಗಳಿಂದ ಕೆಲಸ ನಡೆದಿದೆ. ಇನ್ನೊಂದು ದಾರಿ, ಕಣಕ್ಕೇ ಬಲ ಕೊಟ್ಟು ಅದರ ಕೈಯಲ್ಲೇ ಕ್ರಿಮಿಯನ್ನು ಕೊಲ್ಲಿಸುವುದು.

ಹರಿಹರದ ಅಕ್ಕ:
ಮೇಷ್ಟ್ರೇ, ಓದೋಕೆ ಚೆನ್ನಾಗಿದೆ. ನಾನು ಟಿಬಿ ವಿಭಾಗದಲ್ಲೇ ಕೆಲಸ ಮಾಡಿ ನಿವೃತ್ತಿ ಆದವಳು. ನಾನು ನೋಡಿದ ರೋಗಿಗಳಲ್ಲಿ ಮಾತ್ರೆ ಕೆಲಸ ಮಾಡದೆ ಸೋತವರು ಕಡಿಮೆ. ಮಾತ್ರೆ ಬಿಟ್ಟು ಸೋತವರೇ ಜಾಸ್ತಿ. ಎರಡನೇ ತಿಂಗಳಿಗೆ ಕೆಮ್ಮು ನಿಲ್ಲುತ್ತದೆ, ಊಟ ಸೇರುತ್ತದೆ, ಮುಖಕ್ಕೆ ಕಳೆ ಬರುತ್ತದೆ. "ಇನ್ನೇನು ವಾಸಿ ಆಯ್ತಲ್ಲ ಸಿಸ್ಟರ್" ಅಂತ ಕೆಲಸಕ್ಕೆ ಹೊರಟುಬಿಡುತ್ತಾರೆ. ಟಿಬಿ ಮಾತ್ರೆಗಳಲ್ಲಿ ಒಂದಾದ ರಿಫಾಂಪಿಸಿನ್ ತಗೊಂಡರೆ ಮೂತ್ರ ಕೇಸರಿ ಬಣ್ಣಕ್ಕೆ ತಿರುಗುತ್ತದೆ ಅಂತ ಯಾರೂ ಮುಂಚೆ ಹೇಳಿರುವುದಿಲ್ಲ. ರಕ್ತ ಹೋಗ್ತಿದೆ ಅಂತ ಹೆದರಿ ಬಿಟ್ಟವರೂ ಇದ್ದಾರೆ. 2024ರಲ್ಲಿ ಎಷ್ಟೋ ರಾಜ್ಯಗಳಲ್ಲಿ ಮಾತ್ರೆಯೇ ಸಾಕಾಗಲಿಲ್ಲ. ಇರುವ ಮಾತ್ರೆಯೇ ತಪ್ಪದೆ ಸಿಗದಿದ್ದಾಗ ಉಸಿರಲ್ಲಿ ಎಳೆಯುವ ಪುಡಿ ಯಾರ ಮನೆಗೆ ಬರುತ್ತೆ?

ದುರ್ಗದ ಫಾರ್ಮಸಿ ಮೇಷ್ಟ್ರು:
ಅಕ್ಕಾ, ನೀವು ಹೇಳಿದ್ದೇ ನನ್ನ ವಾದಕ್ಕೂ ಆಧಾರ. 6 ತಿಂಗಳು ಅನ್ನುವುದೇ ತೊಂದರೆ ಅಲ್ವಾ? ಅಡಗಿದ ಕ್ರಿಮಿಗೆ ಬೇಗ ಔಷಧ ಮುಟ್ಟಿಸಿದರೆ ಆ ಅವಧಿ ಇಳಿಸಬಹುದು ಅನ್ನುವುದೇ ಈ ಸಂಶೋಧನೆಯ ಆಸೆ.

ಭಟ್ಟಿ ಏರಿಯಾ ಹುಡುಗ:
ನಾನು ದಾವಣಗೆರೆ ಮಂಡಕ್ಕಿ ಭಟ್ಟಿ ಕಡೆಯವನು. ನಮ್ಮಲ್ಲಿ ಬಿಸಿ ಮರಳಿಗೆ ಅಕ್ಕಿ ಹಾಕಿ ಹುರಿಯುತ್ತಾರೆ. ಒಲೆ ಮುಂದೆ ನಿಂತವರಿಗೆ ಹೊಗೆ, ಧೂಳು ಎರಡೂ. ಸಂಜೆ ಮೂಗು ಒರೆಸಿದರೆ ಟವೆಲ್ ಕಪ್ಪಾಗುತ್ತದೆ. ನಮ್ಮ ಸೋದರಮಾವ ಹೊಳಲ್ಕೆರೆ ಕಡೆ ಕಲ್ಲು ಕ್ರಷರ್‌ನಲ್ಲಿದ್ದರು. ಅವರಿಗೆ ಟಿಬಿ ಬಂತು, ಕೋರ್ಸ್ ಮುಗೀತು, ಆದರೂ ಉಸಿರು ಸರಿ ಹೋಗಲಿಲ್ಲ. ಈ ಕಣಕ್ಕೂ ಧೂಳಿಗೂ ಏನಾದರೂ ಸಂಬಂಧ ಇದೆಯಾ ಸರ್?

ಪಿಜಿ ಡಾಕ್ಟರ್:
ಇದೆ, ತುಂಬಾ ಹತ್ತಿರದ ಸಂಬಂಧ. ಕಲ್ಲಿನ ಧೂಳಿನಲ್ಲಿರುವ ಸಿಲಿಕಾವನ್ನು ನುಂಗುವುದೂ ಇದೇ ಮ್ಯಾಕ್ರೋಫೇಜ್. ಅದಕ್ಕೆ ಸಿಲಿಕಾ ಕರಗಿಸೋಕೆ ಆಗುವುದಿಲ್ಲ. ಸಿಲಿಕಾದ ಹರಳು ಮ್ಯಾಕ್ರೋಫೇಜ್ ಒಳಗಿನ ಚೀಲವನ್ನು ಹರಿಯುತ್ತದೆ, ಕಣ ಸಾಯುತ್ತದೆ. ಅದೇ ಹರಳನ್ನು ಮತ್ತೊಂದು ಕಣ ಬಂದು ನುಂಗುತ್ತದೆ, ಅದೂ ಸಾಯುತ್ತದೆ. ಸಿಲಿಕೋಸಿಸ್, ಅಂದರೆ ಈ ಧೂಳಿನಿಂದ ಬರುವ ಶ್ವಾಸಕೋಶದ ಕಾಯಿಲೆ ಆದವರಿಗೆ ಟಿಬಿ ಬರುವ ಸಾಧ್ಯತೆ ಬೇರೆಯವರಿಗಿಂತ ಎಷ್ಟೋ ಪಟ್ಟು ಜಾಸ್ತಿ ಇರುವುದು ಇದಕ್ಕೇ. ಬೀಡಿ ಹೊಗೆಯಿಂದಲೂ ಈ ಕಣ ಸೊರಗುತ್ತದೆ. ನಿಮ್ಮ ಮಾವನ ಉಸಿರಿನ ತೊಂದರೆಯನ್ನು ಒಬ್ಬ ಶ್ವಾಸಕೋಶ ತಜ್ಞರಿಗೆ ತೋರಿಸಿ. ಟಿಬಿ ವಾಸಿಯಾದ ಮೇಲೂ ಗಾಯದ ಕಲೆ ಉಳಿಯುತ್ತದೆ, ಜೊತೆಗೆ ಸಿಲಿಕೋಸಿಸ್ ಇದ್ದರೂ ಇರಬಹುದು. ಎಕ್ಸ್‌ರೇ ತೋರಿಸುವಾಗ ಕ್ರಷರ್ ಕೆಲಸದ ವಿಷಯ ಬಾಯಿಬಿಟ್ಟು ಹೇಳಿ. ಎಷ್ಟೋ ಸಲ ಯಾರೂ ಕೇಳುವುದೇ ಇಲ್ಲ.

ಮೇಷ್ಟ್ರೇ, ನಿಮ್ಮ ಮೊದಲನೇ ದಾರಿ ನನಗೆ ಒಪ್ಪಿಗೆ. ಎರಡನೆಯದರ ಬಗ್ಗೆ ತಕರಾರಿದೆ. ಕೀಲುವಾತಕ್ಕೆ, ಉರಿಯೂತ ಎಬ್ಬಿಸೋಕೆ ರೋಗನಿರೋಧಕ ಕಣಗಳು ಬಿಡುವ ಟಿಎನ್‌ಎಫ್ ತಡೆಯುವ ಇಂಜೆಕ್ಷನ್ ಬಂದಾಗ ಏನಾಯ್ತು ನೆನಪಿದೆಯಾ? ಒಳಗೆ ಸುಮ್ನೆ ಮಲಗಿದ್ದ ಟಿಬಿ ಎದ್ದು ಕೂತಿತು. 2001ರಲ್ಲೇ ಅದರ ವರದಿ ಬಂತು. ರೋಗನಿರೋಧಕ ಶಕ್ತಿಯ ಒಂದು ಎಳೆ ಎಳೆದರೆ ಇನ್ನೆಲ್ಲಿ ಬಿಚ್ಚುತ್ತದೋ ಗೊತ್ತಾಗುವುದಿಲ್ಲ. ಅದನ್ನು ಸುಮ್ಮನೆ ಹೆಚ್ಚಿಸುವುದೂ ಅಪಾಯವೇ. ಶ್ವಾಸಕೋಶದಲ್ಲಿ ಗುಳಿ ಬೀಳಿಸುವುದರಲ್ಲಿ ನಮ್ಮ ಕಣಗಳ ಉರಿಯೂತದ ಪಾಲು ದೊಡ್ಡದು.

ದುರ್ಗದ ಫಾರ್ಮಸಿ ಮೇಷ್ಟ್ರು:
ಅದು ನಿಜ, ಡಾಕ್ಟ್ರೇ. ಆದರೆ ಉಲ್ಟಾ ಉದಾಹರಣೆಯೂ ಇದೆ. ಮೆದುಳು ಪೊರೆಯ ಟಿಬಿಗೆ ಡೆಕ್ಸಾಮೆಥಸೋನ್ ಅನ್ನುವ ಸ್ಟೀರಾಯ್ಡ್ ಕೊಟ್ಟು ಉರಿಯೂತ ತಗ್ಗಿಸಿದರೆ ಸಾವು ಕಡಿಮೆಯಾಗುತ್ತದೆ ಅಂತ 2004ರಲ್ಲಿ ವಿಯೆಟ್ನಾಂನಲ್ಲಿ ತೋರಿಸಿದರು. ಅದು ಈಗ ದಿನನಿತ್ಯದ ಚಿಕಿತ್ಸೆ. ಅದೂ ಕ್ರಿಮಿಗೆ ಕೊಡುವ ಮದ್ದಲ್ಲ, ನಮ್ಮ ದೇಹಕ್ಕೇ ಕೊಡುವುದು.

ನಮ್ಮ ಬೆಂಗಳೂರಿನದೇ ಒಂದು ಕೆಲಸ ನೋಡಿ. ಭಾರತೀಯ ವಿಜ್ಞಾನ ಸಂಸ್ಥೆಯ ಅಮಿತ್ ಸಿಂಗ್ ಅವರ ತಂಡ 2019ರಲ್ಲಿ ಪ್ರಕಟಿಸಿದ್ದು. ಎಲ್ಲ ಮ್ಯಾಕ್ರೋಫೇಜ್‌ಗಳ ಒಳಗೂ ಒಂದೇ ಪರಿಸ್ಥಿತಿ ಇರುವುದಿಲ್ಲ. ಸ್ವಲ್ಪ ಆಮ್ಲ ಇರುವ ಕಣದಲ್ಲಿ ಕ್ರಿಮಿ ಬೆಳೆಯುತ್ತಲೂ ಇರುತ್ತದೆ, ಔಷಧವನ್ನೂ ತಾಳಿಕೊಳ್ಳುತ್ತದೆ. ಮಲೇರಿಯಾಕ್ಕೆ ಕೊಡುವ ಹಳೇ ಕ್ಲೋರೋಕ್ವಿನ್ ಜೊತೆಗೆ ಕೊಟ್ಟು ಆ ಆಮ್ಲ ತಗ್ಗಿಸಿದಾಗ ಟಿಬಿ ಔಷಧ ಚೆನ್ನಾಗಿ ಕೆಲಸ ಮಾಡಿತು. ಪ್ರಾಣಿಗಳಲ್ಲಿ ರೋಗ ಮರುಕಳಿಸುವುದೂ ಕಡಿಮೆಯಾಯಿತು. ಕ್ಲೋರೋಕ್ವಿನ್ ಬೆಲೆ ಎಷ್ಟು ಅಂತ ಎಲ್ಲರಿಗೂ ಗೊತ್ತು. ಅಕ್ಕ ಕೇಳಿದ "ಯಾರ ಮನೆಗೆ ಬರುತ್ತೆ" ಅನ್ನುವುದಕ್ಕೆ ಇದು ನನ್ನ ಉತ್ತರ.

ಪಿಜಿ ಡಾಕ್ಟರ್:
ಒಂದು ನಿಮಿಷ ಸರ್. ಮೊದಲನೇ ಪೋಸ್ಟ್‌ನಲ್ಲಿ ಆಮ್ಲ ಬಂದರೆ ಕ್ರಿಮಿ ಸಾಯುತ್ತದೆ ಅಂದಿರಿ. ಈಗ ಆಮ್ಲ ತಗ್ಗಿಸಿದರೆ ಒಳ್ಳೇದು ಅನ್ನುತ್ತೀರಿ. ಎರಡೂ ನಿಜ, ಕಷ್ಟ ಇರುವುದೇ ಅಲ್ಲಿ. ಪೂರ್ತಿ ಆಮ್ಲ ಕ್ರಿಮಿಗೆ ಕೆಡುಕು, ಅರೆಬರೆ ಆಮ್ಲ ಅದಕ್ಕೆ ಅನುಕೂಲ. ಇನ್ನೂ ಒಂದಿದೆ. ನಾವು ಮೊದಲ 2 ತಿಂಗಳು ಕೊಡುವ ಪೈರಜಿನಮೈಡ್ ಕೆಲಸ ಮಾಡುವುದೇ ಆಮ್ಲ ಇರುವ ಕಡೆ. ಆಮ್ಲ ತಗ್ಗಿಸಿದರೆ ಆ ಮಾತ್ರೆಯ ಕಥೆ ಏನು? ಪ್ರಾಣಿಗಳಲ್ಲಿ ಸರಿಹೋಗಿದ್ದನ್ನು ನಾಲ್ಕೂ ಔಷಧ ತಗೊಳ್ಳುತ್ತಿರುವ ಮನುಷ್ಯರಲ್ಲಿ ನೋಡುವ ತನಕ ನಾನು ಒಪ್ಪುವುದಿಲ್ಲ.

ಯಾವ ಕಣ ಅನ್ನುವುದೂ ಮುಖ್ಯ. 2018ರಲ್ಲಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದವರು ಇಲಿಗಳಲ್ಲಿ ನೋಡಿದ್ದು ಇದು. ಗಾಳಿಚೀಲದ ಮ್ಯಾಕ್ರೋಫೇಜ್ ಕೊಬ್ಬು ಉರಿಸಿಕೊಂಡು ಬದುಕುತ್ತದೆ, ಅದರಲ್ಲಿ ಕ್ರಿಮಿ ಹಾಯಾಗಿ ಬೆಳೆಯುತ್ತದೆ. ರಕ್ತದಿಂದ ಬಂದು ಗಾಳಿಚೀಲಗಳ ನಡುವಿನ ಜಾಗದಲ್ಲಿ ಕೂರುವ ಮ್ಯಾಕ್ರೋಫೇಜ್ ಸಕ್ಕರೆ ಬಳಸುತ್ತದೆ, ಅದು ಕ್ರಿಮಿಯನ್ನು ಹಿಡಿತದಲ್ಲಿ ಇಡುತ್ತದೆ. ಎರಡಕ್ಕೂ ಒಂದೇ ಮದ್ದು ಸುರಿದರೆ ಒಂದು ಕಡೆ ಲಾಭ, ಇನ್ನೊಂದು ಕಡೆ ನಷ್ಟ.

ದುರ್ಗದ ಫಾರ್ಮಸಿ ಮೇಷ್ಟ್ರು:
ಪೈರಜಿನಮೈಡ್ ಪ್ರಶ್ನೆ ಗಟ್ಟಿ ಪ್ರಶ್ನೆ. ಮೊದಲ 2 ತಿಂಗಳು ಬಿಟ್ಟು ಆಮೇಲೆ ಕ್ಲೋರೋಕ್ವಿನ್ ಕೊಟ್ಟು ನೋಡಬಹುದೇನೋ, ಪ್ರಯೋಗ ಮಾಡಿಯೇ ತಿಳಿಯಬೇಕು. ಇನ್ನು, ಎರಡು ಥರದ ಕಣ ಇದೆ ಅಂದಿರಲ್ಲ, ಅದರಿಂದ ಉಸಿರಿನ ಪುಡಿಗೇ ಬಲ ಬಂತು. ಅದು ನೇರ ಗಾಳಿಚೀಲದ ಕಣಕ್ಕೇ ಹೋಗುತ್ತದೆ.

ಚಳ್ಳಕೆರೆ ರೈತ:
ನನಗೆ ಕಣದ ಲೆಕ್ಕ ಅಷ್ಟು ತಿಳಿಯದು. ಒಂದು ಮಾತು ಕೇಳ್ತೀನಿ. ಜಾರ್ಖಂಡ್‌ನಲ್ಲಿ ಟಿಬಿ ರೋಗಿಗಳ ಮನೆಯವರಿಗೆ ಅಕ್ಕಿ, ಬೇಳೆ, ವಿಟಮಿನ್ ಮಾತ್ರೆ ಕೊಟ್ಟು ನೋಡಿದರಂತೆ. 2023ರಲ್ಲಿ ಫಲಿತಾಂಶ ಬಂತು. ಮನೆಯವರಿಗೆ ಹೊಸದಾಗಿ ಟಿಬಿ ಬರುವುದು ಶೇ 39ರಷ್ಟು ಕಡಿಮೆ, ಕಫದಿಂದ ಹರಡುವ ಥರದ್ದು ಶೇ 48ರಷ್ಟು ಕಡಿಮೆ ಅಂತ ಓದಿದೆ. ಬೇಳೆಗಿಂತ ಅಗ್ಗದ ಮದ್ದು ಯಾವುದಿದೆ ಹೇಳ್ರಿ. ನಮ್ಮ ಕಡೆ ಮಳೆ ಕೈಕೊಟ್ಟ ವರ್ಷ ಶೇಂಗಾ ಹೋಗುತ್ತದೆ, ಮನೆಯಲ್ಲಿ ಮೊದಲು ಕಡಿಮೆಯಾಗುವುದೇ ಬೇಳೆ. ಇರುವ ದುಡ್ಡನ್ನು ಅಲ್ಲಿಗೆ ಹಾಕಲಿ.

ಹರಿಹರದ ಅಕ್ಕ:
ನೂರಕ್ಕೆ ನೂರು ನಿಜ ಅಣ್ಣ. ಟಿಬಿ ರೋಗಿಗಳ ಊಟಕ್ಕೆ ಅಂತ ಸರ್ಕಾರ ಕೊಡುವ ನಿಕ್ಷಯ್ ಪೋಷಣ್ ದುಡ್ಡು 2018ರಲ್ಲಿ ತಿಂಗಳಿಗೆ 500 ರೂಪಾಯಿಯಿಂದ ಶುರುವಾಯ್ತು, 2024ರ ನವೆಂಬರ್‌ನಿಂದ 1000 ಆಗಿದೆ. ಬ್ಯಾಂಕ್ ಖಾತೆಗೆ ಬರುತ್ತದೆ. ಬಂದಿಲ್ಲ ಅಂದರೆ ಆಶಾ ಕಾರ್ಯಕರ್ತೆಯನ್ನು ಹಿಡಿದು ಕೇಳಬೇಕು, ಅದು ನಿಮ್ಮ ಹಕ್ಕು.

ಪಿಜಿ ಡಾಕ್ಟರ್:
ಊಟವನ್ನೂ ಕಣವನ್ನೂ ಎದುರುಬದುರು ನಿಲ್ಲಿಸುವುದು ಬೇಡ. ಹೊಟ್ಟೆಗಿಲ್ಲದವರ ರೋಗನಿರೋಧಕ ಕಣಗಳೂ ಸೊರಗಿರುತ್ತವೆ. ಬೇಳೆ ಕೊಟ್ಟಾಗ ಬಲ ಬರುವುದು ಆ ಕಣಗಳಿಗೂ ಸೇರಿಯೇ.

ಭಟ್ಟಿ ಏರಿಯಾ ಹುಡುಗ:
ಅಕ್ಕಾ, ಡಾಕ್ಟ್ರೇ, ಇನ್ನೊಂದು ಪ್ರಶ್ನೆ. ನಮ್ಮ ಅಮ್ಮನಿಗೆ ಶುಗರ್ ಇದೆ. ಶುಗರ್‌ಗೆ ಕೊಡುವ ಮೆಟ್‌ಫಾರ್ಮಿನ್ ಟಿಬಿಗೂ ಒಳ್ಳೇದು, ಇದೇ ಕಣಕ್ಕೆ ಶಕ್ತಿ ಕೊಡುತ್ತದೆ ಅಂತ ಒಂದು ವಿಡಿಯೋದಲ್ಲಿ ಹೇಳಿದರು. ಮಾವನೂ ನಮ್ಮ ಮನೆಯಲ್ಲೇ ಇದ್ದಾರೆ. ನಾವೆಲ್ಲ ತಗೊಳ್ಳಬಹುದಾ?

ಪಿಜಿ ಡಾಕ್ಟರ್:
ಬೇಡ ತಮ್ಮಾ. ಆ ಮಾತು 2014ರ ಇಲಿಗಳ ಪ್ರಯೋಗದಿಂದ ಬಂದದ್ದು. ಆಮೇಲೆ ನಮ್ಮ ದೇಶದಲ್ಲೇ, ಚೆನ್ನೈನ ರಾಷ್ಟ್ರೀಯ ಕ್ಷಯರೋಗ ಸಂಶೋಧನಾ ಸಂಸ್ಥೆಯವರು ರೋಗಿಗಳಿಗೆ ಟಿಬಿ ಮಾತ್ರೆ ಜೊತೆ ಮೆಟ್‌ಫಾರ್ಮಿನ್ ಕೊಟ್ಟು ನೋಡಿದರು. ಉರಿಯೂತ ತಗ್ಗಿತು, ಎಕ್ಸ್‌ರೇ ಬೇಗ ತಿಳಿಯಾಯಿತು. ಆದರೆ ಕಫದಿಂದ ಕ್ರಿಮಿ ಹೋಗುವುದು ಬೇಗ ಆಗಲಿಲ್ಲ. ಶುಗರ್ ಇಲ್ಲದವರು ಅಂಗಡಿಯಿಂದ ತಂದು ನುಂಗುವಂಥದ್ದಲ್ಲ.

ಅಮ್ಮನ ವಿಷಯ ಬೇರೆ. ಶುಗರ್ ಇದ್ದವರಿಗೆ ಟಿಬಿ ಬರುವ ಸಾಧ್ಯತೆ ಸುಮಾರು ಎರಡು ಮೂರು ಪಟ್ಟು ಜಾಸ್ತಿ. ಅವರಿಗೆ ಎರಡು ವಾರ ದಾಟಿ ಕೆಮ್ಮು ಇದ್ದರೆ, ಸುಮ್ಮನೆ ತೂಕ ಇಳಿಯುತ್ತಿದ್ದರೆ, ಈ ವಾರವೇ ಕಫ ಪರೀಕ್ಷೆ ಮಾಡಿಸಿ.

ಹರಿಹರದ ಅಕ್ಕ:
ಕಫ ಕೊಡುವಾಗ ಬೆಳಿಗ್ಗೆ ಎದ್ದ ಕೂಡಲೇ ಬಾಯಿ ಮುಕ್ಕಳಿಸಿ, ಎದೆಯಿಂದ ಕೆಮ್ಮಿ ತೆಗೆದು ಡಬ್ಬಿಗೆ ಹಾಕಲಿ. ಬರೀ ಎಂಜಲು ಕೊಟ್ಟರೆ ಪ್ರಯೋಜನ ಇಲ್ಲ. ಸರ್ಕಾರಿ ಆಸ್ಪತ್ರೆಯಲ್ಲಿ ದುಡ್ಡು ತಗೊಳ್ಳಲ್ಲ. ಮಾವನಿಗೆ ಟಿಬಿ ಇದ್ದಾಗ ಜೊತೆಗಿದ್ದವರಿಗೆ ಮುಂಜಾಗ್ರತೆ ಮಾತ್ರೆಯೂ ಇದೆ, ಅದನ್ನೂ ಕೇಳಪ್ಪ.

ಭಟ್ಟಿ ಏರಿಯಾ ಹುಡುಗ:
ಅಮ್ಮ ಈಚೆಗೆ ಸ್ವಲ್ಪ ಇಳಿದಿದ್ದಾರೆ ಅಕ್ಕಾ. ಶುಗರ್‌ಗೆ ಅಂದುಕೊಂಡಿದ್ವಿ. ನಾಳೆ ಬೆಳಿಗ್ಗೆ ಕರ್ಕೊಂಡು ಹೋಗ್ತೀನಿ.